ಹುಳಿ ಮಣ್ಣಿಗೆ ಸುಣ್ಣ

ವೀಳೆಯದೆಲೆಗೆ ಹಚ್ಚುವ ಸುಣ್ಣವನ್ನು ಅರಿಯದ ಗೃಹಸ್ಥರು ನಮ್ಮಲ್ಲಿಲ್ಲ. ಅದನ್ನೇ ತೋಟದ ಮಣ್ಣೂ ಬೇಡುವುದುಂಟೆಂಬುದನ್ನು ನಾನು ತಿಳಿದದ್ದು, ತಂದೆಯವರು ತೀರಿಕೊಂಡು ತೋಟದ ಭಾರವು ನನ್ನ ಮೇಲೆ ಬಿದ್ದ ತರುವಾಯ.

ನಮ್ಮದು ಮಲೆನಾಡಿನ ಅಡಕೆತೋಟ. ಸೊಪ್ಪು ಗೊಬ್ಬರಗಳಿಗೆ ಕೊರತೆಯಿರಲಿಲ್ಲ. ಆದರೂ ಕೆಳಭಾಗದ ಮರಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತ ಬಂದುವು. “ಮಣ್ಣಿಗೆ ಮುಪ್ಪು ಬಂದಿತು, ಅದನ್ನು ಬಿಟ್ಟುಬಿಡುವುದೇ ಲೇಸು” ಎಂದರು ಚಿಕ್ಕಪ್ಪನವರು. ಬಿಟ್ಟರೆ ಸಂಸಾರದ ಅರ್ಧ ಅನ್ನವೇ ಹೋದಂತೆ. ಕಡೆಗೆ ಮಣ್ಣನ್ನು ಪರೀಕ್ಷೆಗೆ ಕಳುಹಿಸಿದೆವು. ಪಿಹೆಚ್ ಎಂಬ ಅಳತೆಯಲ್ಲಿ 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ನಮ್ಮ ಮಣ್ಣು 4.8ಕ್ಕೆ ಇಳಿದಿದ್ದಿತು.

ಇದಕ್ಕೆ ಕಾರಣ ಮಳೆಯೇ. ಬಿಡದೆ ಸುರಿಯುವ ನೀರು ಮಣ್ಣಿನಲ್ಲಿರುವ ಸುಣ್ಣದ ಅಂಶವನ್ನು ತೊಳೆದೊಯ್ಯುತ್ತದೆ. ಅದರ ಸ್ಥಾನವನ್ನು ಆಮ್ಲವು ಆಕ್ರಮಿಸುತ್ತದೆ. ಹುಳಿಯು ಹೆಚ್ಚಿದಂತೆ ಮಣ್ಣಿನೊಳಗಿನ ಅಲ್ಯೂಮಿನಿಯಂ ಕರಗಿ ಎಳೆಬೇರುಗಳ ತುದಿಯನ್ನು ಮೊಂಡುಮಾಡುತ್ತದೆ. ರಂಜಕವು ಬೇರಿಗೆ ದಕ್ಕದಂತೆ ಬಂಧಿತವಾಗುತ್ತದೆ. ಎಂದಮೇಲೆ ಗೊಬ್ಬರ ಹಾಕಿದರೂ ಮರವು ಉಪವಾಸವೇ.

ಸುಣ್ಣವು ಮಾಡುವ ಕೆಲಸವನ್ನು ಅಡುಗೆಮನೆಯಲ್ಲಿಯೇ ನೋಡಬಹುದು. ಕಪ್ಪೆಚಿಪ್ಪಿನ ಪುಡಿಯನ್ನು ನಿಂಬೆಯ ರಸದಲ್ಲಿ ಹಾಕಿರಿ. ಬರಿಯ ನೀರಿನಲ್ಲಿ ಕರಗಲೊಲ್ಲದ ಪುಡಿಯು ಹುಳಿಯಲ್ಲಿ ಗುಳ್ಳೆಯೆದ್ದು ಕರಗುತ್ತದೆ. ಆ ಗುಳ್ಳೆಯು ಇಂಗಾಲಾಮ್ಲ ವಾಯು. ಕರಗುತ್ತ ಹೋದಂತೆ ರಸದ ಹುಳಿಯು ಮುರಿಯುತ್ತದೆ. ಮಣ್ಣಿನಲ್ಲಿಯೂ ಹೀಗೆಯೇ: ಆಮ್ಲವು ನೀರಾಗುತ್ತದೆ, ಸುಣ್ಣವು ಮಣ್ಣಿನ ಕಣಗಳನ್ನು ಹಿಡಿಯುತ್ತದೆ, ಅಲ್ಯೂಮಿನಿಯಂ ಮತ್ತೆ ಗಟ್ಟಿಯಾಗುತ್ತದೆ. ಪುಡಿಯು ನಯವಾದಷ್ಟೂ ಕೆಲಸವು ಬೇಗ. ಸುಡದ ಚಿಪ್ಪಿನ ಪುಡಿ 100 ಸೇರು ಮಾಡುವುದನ್ನು ಅರಳಿದ ಸುಣ್ಣ 74 ಸೇರೇ ಮಾಡಬಲ್ಲದು.

ಪರೀಕ್ಷಕರ ಸಲಹೆಯಂತೆ ಮರವೊಂದಕ್ಕೆ ಅರ್ಧ ಕಿಲೋ ಸುಣ್ಣವನ್ನು ಬುಡದ ಸುತ್ತ ಹರಡಿ ಮಣ್ಣಿನೊಡನೆ ಬೆರೆಸಿದೆವು. ಮೊದಲ ವರ್ಷ ಏನೂ ಕಾಣಲಿಲ್ಲ. ಮೂರನೆಯ ವರ್ಷ ಸೋಗೆಗಳು ಹಸುರೇರಿದುವು. ಕಡಿಯುವ ಮಾತನ್ನು ಚಿಕ್ಕಪ್ಪನವರು ಮತ್ತೆ ಎತ್ತಲಿಲ್ಲ.

ಆದರೆ ಗೃಹಸ್ಥರು ಎರಡು ಮಾತುಗಳನ್ನು ನೆನಪಿನಲ್ಲಿಡತಕ್ಕದ್ದು. ಅರಳಿದ ಸುಣ್ಣವನ್ನು ಹಟ್ಟಿಗೊಬ್ಬರದೊಡನೆ ಬೆರೆಸಬಾರದು. ಬೆರೆಸಿದರೆ ಗೊಬ್ಬರದ ಸಾರವು ಅಮೋನಿಯಾ ವಾಯುವಾಗಿ ಹಾರಿಹೋಗುತ್ತದೆ. ಅಳತೆ ಮೀರಿಯೂ ಹಾಕಬಾರದು. ಮೀರಿದರೆ ಕಬ್ಬಿಣ, ಸತುವುಗಳು ಬೇರಿಗೆ ದೊರೆಯವು. ಸುಣ್ಣವು ತಂದೆಯನ್ನು ಸಿರಿವಂತನನ್ನಾಗಿಯೂ ಮಗನನ್ನು ಬಡವನನ್ನಾಗಿಯೂ ಮಾಡುವುದೆಂದು ಇಂಗ್ಲೆಂಡಿನ ರೈತರಲ್ಲಿ ಹಳೆಯ ಗಾದೆಯುಂಟು. ಸುಣ್ಣವು ಗೊಬ್ಬರವಲ್ಲ, ಉಗ್ರಾಣದ ಬೀಗದ ಕೈ. ಬಾಗಿಲು ತೆರೆದು ಉಣ್ಣುತ್ತ ಹೋಗಿ ಒಳಗೆ ತುಂಬುವುದನ್ನು ಮರೆತರೆ, ಮಕ್ಕಳಿಗೆ ಉಳಿಯುವುದು ಬರಿಯ ಉಗ್ರಾಣ.