ಭಾಗ 4: ಅವ್ವನ ಕೈಗೆ ಎಟುಕದ ಕಪಾಟು

ಕಪಾಟು ರೆಡಿ ಆಯ್ತಾ ಅಂತ ಮೆಸೇಜ್ ಹಾಕಿದವರಿಗೆಲ್ಲ ಉತ್ತರ: ಆಯ್ತು ಕಣ್ರಪ್ಪಾ. ಎರಡು ಸಲ ಆಯ್ತು. ಯಾಕೆ ಅಂತ ಹೇಳ್ತೀನಿ.

ಹೊಸದಾಗಿ ನೋಡ್ತಿರೋರಿಗೆ: ಹಲಗೂರಿನ ನಮ್ಮ ಹಳೇ ಮನೆ ಅಟ್ಟದಿಂದ ಇಳಿಸಿದ ಹಲಸಿನ ಹಲಗೇಲಿ ಅಡುಗೆಮನೆಗೆ ಗೋಡೆ ಕಪಾಟು ಮಾಡ್ತಿದ್ದೀನಿ. ಹೊಗೆ ಹಿಡಿದು ಕಪ್ಪಾಗಿದ್ದ ಹಲಗೆಗೆ ಹತ್ರಿ ಹೊಡೆದ್ರೆ ಒಳಗಿಂದ ಅರಿಶಿನದ ಬಣ್ಣ ಬಂತು! ಹಲಸಿನ ತಿರುಳು ಹಾಗೇ. ಗಾಳಿ ಬೆಳಕಿಗೆ ನಿಧಾನಕ್ಕೆ ಮತ್ತೆ ಕಂದಾಗುತ್ತೆ.

ನೀವೂ ಮಾಡೋದಾದ್ರೆ ಇಷ್ಟು ನೆನಪಿರಲಿ.

▪️ ಹಳೇ ಮೊಳೆ ಎಲ್ಲ ಕೀಳದೆ ಹತ್ರಿ ಹೊಡೀಬೇಡಿ, ಅಲಗು ಹೋಗುತ್ತೆ.
▪️ ಎರಡು ಗೋಡೆ ಮಧ್ಯೆ ಕೂರಿಸೋದಾದ್ರೆ ಮೇಲೆ, ಮಧ್ಯ, ಕೆಳಗೆ ಮೂರು ಕಡೆ ಅಳೀರಿ. ಚಿಕ್ಕ ಅಳತೆಯನ್ನೇ ಹಿಡೀರಿ.
▪️ ಮೂಲೆ ನೆಟ್ಟಗಿದೆಯಾ ನೋಡೋಕೆ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ. ಅಡ್ಡಕ್ಕೆ 5 ಅಡಿ ಬಂದ್ರೆ ಸರಿ.
▪️ ಗರಗಸ ತಿನ್ನೋ ದಪ್ಪನೂ ಲೆಕ್ಕಕ್ಕೆ ಸೇರಿಸಿ.
▪️ ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೀರಿ, ಇಲ್ಲಾಂದ್ರೆ ಅಂಚು ಸೀಳುತ್ತೆ.

ಇಷ್ಟೂ ಸರಿಯಾಗಿ ಮಾಡಿದೆ. ಒಲೆ ಪಕ್ಕದ ಗೋಡೆಗೆ, ನೆಲದಿಂದ 58 ಇಂಚು ಮೇಲಕ್ಕೆ ಕೂರಿಸಿದೆ. ಯಾವುದೋ ವಿಡಿಯೋದಲ್ಲಿ ನೋಡಿದ ಅಳತೆ. ಫೋಟೋ ಹಾಕಿದೆ, ನೀವೂ ಲೈಕ್ ಒತ್ತಿದ್ರಿ.

ಮೂರನೇ ದಿನ ನೀರು ಕುಡಿಯೋಕೆ ಹೋದ್ರೆ ಕಪಾಟಿನ ಕೆಳಗೆ ಊಟದ ಮಣೆ ಬಿದ್ದಿತ್ತು. ಎತ್ತಿಟ್ಟೆ. ಸಂಜೆ ಮತ್ತೆ ಅಲ್ಲೇ ಇತ್ತು. ಆಮೇಲೆ ನೋಡಿದ್ರೆ, ಅವ್ವ ಅದರ ಮೇಲೆ ಹತ್ತಿ ತುದಿಗಾಲಲ್ಲಿ ಸಾರಿನ ಪುಡಿ ಡಬ್ಬ ಎಳೀತಿದ್ಲು.

"ಹೇಳಬಾರದಾ ಅವ್ವ?"

"ಇರ್ಲಿ ಬುಡು ಮಗ. ಅಷ್ಟು ಕಷ್ಟಬಿದ್ದು ಮಾಡಿದ್ದೀಯೆ. ಮಣೆ ಅದಲ್ಲ."

ಗೋಡೆಯನ್ನ ಮೂರು ಕಡೆ ಅಳೆದವನು ಅವ್ವನ್ನ ಒಂದು ಸಲನೂ ಅಳೆದಿರಲಿಲ್ಲ.

ಈಗಿನ ಮಾಡ್ಯುಲರ್ ಕಿಚನ್‌ಗೆಲ್ಲ ಮೂಲ ಅನ್ನೋ ಫ್ರಾಂಕ್‌ಫರ್ಟ್ ಕಿಚನ್ 1926ರದ್ದು. ಅದನ್ನ ರೂಪಿಸಿದ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ, ಅಲ್ಲೀತನಕ ತಾನು ಅಡುಗೆನೇ ಮಾಡಿರಲಿಲ್ಲ ಅಂತ ಆಮೇಲೆ ಹೇಳಿಕೊಂಡಿದ್ರು. ಆದ್ರೂ ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಓಡಾಟ ಅಂತ ಲೆಕ್ಕ ಹಾಕಿಯೇ ಮಾಡಿದ್ರು. ನಾನು ದಿನಾ ಎರಡು ಹೊತ್ತು ಅದೇ ಅಡುಗೆಮನೇಲಿ ಮುದ್ದೆ ಉಣ್ಣೋನು. ಒಂದು ಸಲ ತಲೆ ಎತ್ತಿ ನೋಡಿರಲಿಲ್ಲ.

ಅವ್ವನ್ನ ಗೋಡೆಗೆ ಒರಗಿಸಿ, ಕೈ ಎತ್ತಿಸಿ ಪೆನ್ಸಿಲ್ ಗೆರೆ ಎಳೆದೆ. 65 ಇಂಚು. ನನ್ನ ಮೇಲಿನ ಶೆಲ್ಫ್ ಇದ್ದದ್ದು 70ಕ್ಕೆ. ಬಿಚ್ಚಿ ಇಡೀ ಕಪಾಟು 8 ಇಂಚು ಇಳಿಸಿದೆ. ರಾಗಿ ಹಿಟ್ಟಿನ ಡಬ್ಬ ಈಗ ಕೆಳಗಿನ ಶೆಲ್ಫಿಗೆ ಬಂತು.

ಕೊನೇ ಫೋಟೋದಲ್ಲಿ ಕಪಾಟಿನ ಮೇಲೆ ನಾಲ್ಕು ತೂತು ಕಾಣ್ತವಲ್ಲ, ಅವು ಹಳೇ ಸ್ಕ್ರೂದು. ಬೇಕಂತಲೇ ಮುಚ್ಚಿಲ್ಲ.

ಮೊನ್ನೆ ಪಕ್ಕದ ಮನೆಯವರಿಗೆ ಅವ್ವ ತೋರಿಸ್ತಿದ್ಲು: "ನನ್ನ ಅಳತೆಗೇ ಮಾಡವ್ನೆ."

ನಿಮ್ಮನೆ ಕಪಾಟು ಯಾರ ಅಳತೆಗಿದೆ? ಇವತ್ತು ಅಡುಗೆ ಹೊತ್ತಲ್ಲಿ ಒಂದೈದು ನಿಮಿಷ ಸುಮ್ಮನೆ ನಿಂತು ನೋಡಿ, ಆಮೇಲೆ ಬಂದು ಕಮೆಂಟ್ ಮಾಡಿ. ಮುಂದಿನ ಭಾಗದಲ್ಲಿ ಬಾಗಿಲು, ಕೀಲು.

#ಹಲಗೂರು #ಹಲಸಿನಹಲಗೆ #ಅವ್ವನಅಳತೆ