ತಲೆಯಿಲ್ಲದ ವಾದ್ಯಕ್ಕೆ ತಂತಿ

ಬಿ.ಸಿ.ರೋಡಿನ ನಮ್ಮ ಮನೆಗೆ ಬಂದವರು ಮೂಲೆಯಲ್ಲಿರುವ ವಾದ್ಯವನ್ನು ಕಂಡು, “ಇದರ ತಲೆ ಮುರಿದುಹೋಯಿತೇ?” ಎಂದು ಕೇಳುವದುಂಟು. ಮುರಿದದ್ದಲ್ಲ, ಅದನ್ನು ಮಾಡಿದ್ದೇ ಹಾಗೆ. ಅದು ನನ್ನ ತಮ್ಮನು ಮುಂಬಯಿಯಲ್ಲಿ ನುಡಿಸುತ್ತಿದ್ದ ಬಾಸ್ ಗಿಟಾರು. ಆತನು ತೀರಿಕೊಂಡ ಬಳಿಕ ನಮ್ಮಲ್ಲಿಗೆ ಬಂತು. ಈಗ ನನ್ನ ಮಗಳು ಅದನ್ನು ನುಡಿಸುತ್ತಾಳೆ.

ಸಾಮಾನ್ಯ ಗಿಟಾರಿನ ದಂಡಿಯ ತುದಿಯಲ್ಲಿ ತಲೆಯೂ ತಂತಿ ಬಿಗಿಯುವ ಬಿರಡೆಗಳೂ ಇರುತ್ತವೆ. ಆ ಭಾರಕ್ಕೆ ಬಾಸ್ ಗಿಟಾರಿನ ದಂಡಿಯು ಕೆಳಕ್ಕೆ ವಾಲುವದುಂಟು. 1980ರ ಸುಮಾರಿಗೆ ಅಮೆರಿಕದ ನೆಡ್ ಸ್ಟೈನ್‌ಬರ್ಗರ್ ಎಂಬವರು ತಲೆಯನ್ನೇ ಬಿಟ್ಟು, ಶ್ರುತಿಮಾಡುವ ತಿರುಪುಗಳನ್ನು ಕುದುರೆಯ ಬಳಿಯಲ್ಲಿಟ್ಟು, ಈ ಬಗೆಯನ್ನು ಪ್ರಸಿದ್ಧಿಗೆ ತಂದರು. ನಮ್ಮದಕ್ಕೆ ವೀಣೆಗಿರುವಂಥ ಮೆಟ್ಟಿಲುಗಳೂ ಇಲ್ಲ. ಪಿಟೀಲಿನಂತೆ ಕಿವಿಯನ್ನು ನಂಬಿ ಬೆರಳಿಡತಕ್ಕದ್ದು.

ತಮ್ಮನ ವರುಷದ ದಿನಕ್ಕೆ ಮಗಳು ಅದನ್ನು ನುಡಿಸಬೇಕೆಂದಿದ್ದಳು. ಹತ್ತು ದಿನಗಳಿರಲಾಗಿ, ನಾಲ್ಕು ತಂತಿಗಳಲ್ಲಿ ಅತಿ ತೆಳುವಾದದ್ದು ತುಕ್ಕು ಹಿಡಿದು ತುಂಡಾಯಿತು.

ನಾನು ವಾದ್ಯವನ್ನು ಮನೆಯಲ್ಲಿ ಬಿಟ್ಟು, ಸುಮಾರು 25 ಕಿಲೋಮೀಟರ್ ದೂರದ ಮಂಗಳೂರಿಗೆ ಹೋದೆನು. ಅಂಗಡಿಯವರು, “ಅಮ್ಮಾ, ಎರಡು ತುದಿಗೂ ಗುಂಡು ಇರುವ ತಂತಿಯೋ, ಒಂದು ತುದಿಗೆ ಇದ್ದರೆ ಸಾಕೋ?” ಎಂದು ಕೇಳಿದರು. ನನಗೆ ತಿಳಿದಿರಲಿಲ್ಲ. ತಲೆಯಿಲ್ಲದ ಗಿಟಾರಿಗೆ ಎರಡು ಗುಂಡುಗಳು ಬೇಕೆಂದು ಎಲ್ಲೋ ಕೇಳಿದ್ದರಿಂದ ಹಾಗೆಯೇ ಹೇಳಿಬಿಟ್ಟೆನು. ಅವರಲ್ಲಿ ಅದಿರಲಿಲ್ಲ. ಬೆಂಗಳೂರಿನಲ್ಲಿ ವಿಚಾರಿಸುವದರಲ್ಲಿ ಒಂದು ವಾರ ಕಳೆಯಿತು. ಮಗಳು ಏನೂ ಹೇಳದೆ ವಾದ್ಯದ ಮೇಲೆ ಬಟ್ಟೆ ಹೊದಿಸಿದಳು. ಅವಳ ಮೌನವು ನನ್ನನ್ನು ಬಹಳ ನೋಯಿಸಿತು.

ಆ ರಾತ್ರಿ ಬಟ್ಟೆ ಸರಿಸಿ, ಕನ್ನಡಕ ಹಾಕಿಕೊಂಡು ದಂಡಿಯ ತುದಿಯನ್ನು ನೋಡಿದೆನು. ಪ್ರತಿಯೊಂದು ತಂತಿಗೂ ಒಂದು ಸಣ್ಣ ರಂಧ್ರ, ಅದರ ಮೇಲೆ ಒಂದು ಸಣ್ಣ ತಿರುಪು! ಗುಂಡಿಲ್ಲದ ತುದಿಯನ್ನು ಹಿಡಿಯುವದಕ್ಕೋಸ್ಕರವೇ ಅದನ್ನು ಇಟ್ಟಿದ್ದರು. ನಮಗೆ ಬೇಕಾದದ್ದು ಸಾಮಾನ್ಯ ತಂತಿಯೇ.

ಹೊಲಿಗೆಯ ಟೇಪಿನಿಂದ ಅಳೆದೆನು: ದಂಡಿಯ ತುದಿಯಿಂದ ಕುದುರೆಯ ವರೆಗೆ 34 ಅಂಗುಲ. ಮರುದಿನ ಅದೇ ಅಂಗಡಿಯಲ್ಲಿ ನಾಲ್ಕು ತಂತಿಗಳೂ ದೊರೆತವು. ಉರುಟು ಸರಿಗೆ ಸುತ್ತಿದ ತಂತಿಯು ಮೆಟ್ಟಿಲಿಲ್ಲದ ಮರವನ್ನು ಸವೆಸುವದಾದ್ದರಿಂದ, ಚಪ್ಪಟೆ ಸರಿಗೆಯದನ್ನು ಆರಿಸಿದೆನು.

ಗುಂಡನ್ನು ಕುದುರೆಯ ಕಡೆಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ತಿರುಪಿನಿಂದ ಬಿಗಿದ ಮೇಲೆಯೇ ಹೆಚ್ಚಾದದ್ದನ್ನು ಕತ್ತರಿಸಬೇಕು. ಮೊದಲೇ ಕತ್ತರಿಸಿದರೆ ಸುತ್ತಿದ ಸರಿಗೆಯು ಬಿಚ್ಚಿಕೊಂಡು ತಂತಿಯು ಕೆಟ್ಟುಹೋಗುವದು. ನಾನು ಕತ್ತರಿ ಹಿಡಿದಾಗ, “ಅಳೆಯದೆ ಕತ್ತರಿಸಬೇಡಿರಿ, ಮಕ್ಕಳೇ” ಎಂದು ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರು ಹೇಳುತ್ತಿದ್ದದ್ದು ನೆನಪಾಯಿತು. ಹುಡುಕುವದಕ್ಕೆ ಹೊರಡುವ ಮೊದಲೇ ಆ ಮಾತು ನೆನಪಾಗಿದ್ದರೆ ಒಂದು ವಾರ ಉಳಿಯುತ್ತಿತ್ತು.

ವರುಷದ ದಿನ ಮಗಳು ನುಡಿಸಿದಳು. ಒಂದೆರಡು ಕಡೆ ಬೆರಳು ತಪ್ಪಿತು. ಆದರೂ ಆ ಗಂಭೀರ ನಾದವು ಕೇಳಿದಾಗ ನನ್ನ ತಾಯಿಯವರು, “ಅವನೇ ಒಳಗಿನ ಕೋಣೆಯಲ್ಲಿ ಕೂತಿದ್ದಾನೆಂದು ಕಾಣುತ್ತದೆ” ಎಂದರು.