ಎಂಟು ಕಿಟಕಿಗಳ ಮನೆ

ಮೈಸೂರಿನ ರೈಲ್ವೆ ನಿಲ್ದಾಣವನ್ನು ಹಿಂದಿಕ್ಕಿ ಯಾದವಗಿರಿಯ ಕಡೆಗೆ ನಿಧಾನವಾಗಿ ನಡೆದುಹೋಗುವುದು ನನಗೆ ಬಹುಕಾಲದ ಅಭ್ಯಾಸ. ನಡಿಗೆಯಲ್ಲಿ ಏದುಸಿರು ಬರುವ ವಯಸ್ಸಿಗೆ ಸಂದ ಮೇಲೆ, ಹಾಗೆ ಏದುಸಿರು ಬಂದುದನ್ನು ದಾರಿಹೋಕರ ಮುಂದೆ ಒಪ್ಪಿಕೊಳ್ಳಲು ಮನಸ್ಸಾಗದೆ, ಏನನ್ನೋ ನೋಡಲು ನಿಂತವನಂತೆ ವಿವೇಕಾನಂದ ರಸ್ತೆಯ ಒಂದು ಮನೆಯ ಗೇಟಿನ ಮುಂದೆ ನಿಲ್ಲುತ್ತೇನೆ. ಎರಡಂತಸ್ತಿನ, ಮುಂಭಾಗದಲ್ಲಿ ಅರ್ಧಚಂದ್ರಾಕಾರವಾಗಿ ಹೊರಚಾಚಿದ ಕೋಣೆಯುಳ್ಳ ಈ ಬಂಗಲೆಯನ್ನು ಕಟ್ಟಿಸಿದವರು ಮಾಲ್ಗುಡಿ ಎಂಬ ಇಲ್ಲದ ಊರನ್ನು ಕಟ್ಟಿದ ಆರ್. ಕೆ. ನಾರಾಯಣ್. ಇಲ್ಲದ ಊರನ್ನು ಕಟ್ಟುವುದು ಅವರಿಗೆ ಸುಲಭವಾಗಿಯೇ ಒದಗಿತ್ತು. ೧೯೩೦ರ ವಿಜಯದಶಮಿಯಂದು ಕಾಗದದ ಮೇಲೆ ಒಂದು ರೈಲು ನಿಲ್ದಾಣ ಮೂಡಿತು, ಅದರ ಬೆನ್ನಿಗೆ ಊರು ಬೆಳೆಯಿತು. ಇರುವ ಊರಿನಲ್ಲಿ ಮನೆ ಕಟ್ಟುವುದು ಹಾಗಲ್ಲ. ೧೯೪೮ರಲ್ಲಿ ಮೊದಲಾದ ಕೆಲಸ ಮುಗಿದುದು ೧೯೫೩ರಲ್ಲಿ. ಮನೆ ಕಟ್ಟಿ ನೋಡು ಎಂಬ ಗಾದೆಗೆ ಕಾದಂಬರಿಕಾರನೆಂದು ವಿನಾಯಿತಿ ದೊರೆಯುವುದಿಲ್ಲ.

ಸಂಸಾರವೆಲ್ಲ ಲಕ್ಷ್ಮೀಪುರದ ಮನೆಯಲ್ಲಿರಲು, ಬರೆಯುವುದಕ್ಕೆ ಮಾತ್ರ ಬಂದು ಕುಳಿತುಕೊಳ್ಳುವ ಏಕಾಂತಸ್ಥಾನವನ್ನಾಗಿ ಅವರು ಈ ಮನೆಯನ್ನು ಬಹುಕಾಲ ಬಳಸಿದರು. ಆ ಅರ್ಧಚಂದ್ರದ ಕೋಣೆಗೆ ಎಂಟು ಕಿಟಕಿಗಳು. ದಕ್ಷಿಣಕ್ಕೆ ಚಾಮುಂಡಿ ಬೆಟ್ಟದ ದೇವಾಲಯ, ಪೂರ್ವಕ್ಕೆ ನಗರದ ಗೋಪುರಗಳು ಮತ್ತು ಗುಮ್ಮಟಗಳು, ಸುತ್ತಲ ಬಯಲಿನಲ್ಲಿ ಮೇಯುವ ದನ ಕುರಿಗಳು, ನಡುವೆ ಹಾದುಹೋಗುವ ರೈಲು: ಇಷ್ಟೂ ಒಂದೇ ಕುರ್ಚಿಯಲ್ಲಿ ಕುಳಿತವನ ಕಣ್ಣಿಗೆ ಬೀಳುವಂತಿದ್ದ ಆ ಏರ್ಪಾಡಿನ ಫಲವೇನಾಯಿತೆಂದರೆ, ನೋಡುವುದರಲ್ಲಿಯೇ ಹೊತ್ತು ಕಳೆದು ಬರವಣಿಗೆ ಹಿಂದೆ ಬಿತ್ತು, ಕಡೆಗೆ ಅವರು ಕಿಟಕಿಗಳಿಗೆ ದಪ್ಪನೆಯ ಪರದೆ ಇಳಿಬಿಡಬೇಕಾಯಿತು. ಸ್ವಾರಸ್ಯವೆಂದರೆ, ಇಷ್ಟೆಲ್ಲ ಸಿದ್ಧತೆಯ ಬಳಿಕವೂ, ಅವರಿಗೆ ೧೯೬೦ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ತಂದ ‘ದಿ ಗೈಡ್’ ಬರೆಯಲ್ಪಟ್ಟುದು ಅಮೆರಿಕದ ಬರ್ಕ್ಲಿಯ ಒಂದು ಹೋಟೆಲಿನ ಕೋಣೆಯಲ್ಲಿ. ಮೇಜಿನ ಸ್ಥಾನ ಸರಿಯಿಲ್ಲವೆಂದು ವರ್ಷಗಟ್ಟಲೆ ಬರೆಯದೆ ಕಾಲ ತಳ್ಳಿದ ನನ್ನಂಥವನಿಗೆ ಈ ಸಂಗತಿ ಅಷ್ಟೇನೂ ಹಿತಕರವಲ್ಲ.

ಇಳಿವಯಸ್ಸಿನಲ್ಲಿ ಅವರು ಮದರಾಸಿಗೆ ಹೋಗಿ ನೆಲೆಸಿದರು, ೨೦೦೧ರಲ್ಲಿ ತೀರಿಕೊಂಡರು. ೨೦೧೧ರಲ್ಲಿ ಮನೆಯನ್ನು ಕೆಡವುವ ಕೆಲಸ ಆರಂಭವಾದಾಗ ಪತ್ರಿಕೆಗಳಲ್ಲಿ ಗುಲ್ಲೆದ್ದು, ಆಡಳಿತ ಎಚ್ಚೆತ್ತು, ಕೆಡವುವ ಕೆಲಸ ಅರ್ಧಕ್ಕೆ ನಿಂತಿತು. ಆ ದಿನಗಳಲ್ಲಿ ಒಮ್ಮೆ ಹೋಗಿ ನೋಡಿದ್ದೆ. ಕದ ಕಿತ್ತ ಬಾಗಿಲುಗಳು ಹಲ್ಲುದುರಿದ ಬಾಯಿಯಂತೆ ಕಾಣುತ್ತಿದ್ದುವು. ಮುಂದೆ ಮೈಸೂರು ಮಹಾನಗರ ಪಾಲಿಕೆ ಅದನ್ನು ಕೊಂಡು, ಜೀರ್ಣೋದ್ಧಾರ ಮಾಡಿ, ೨೦೧೬ರಲ್ಲಿ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು. ನಡುವೆ ಒಂದು ವಾಗ್ವಾದವೂ ನಡೆಯಿತು. ಕನ್ನಡದಲ್ಲಿ ಒಂದು ಪುಸ್ತಕವನ್ನೂ ಬರೆಯದ, ಹಸ್ತಪ್ರತಿಗಳನ್ನು ದೂರದ ಬಾಸ್ಟನ್ ವಿಶ್ವವಿದ್ಯಾನಿಲಯದ ಪಾಲಿಗೆ ಬಿಟ್ಟ ಲೇಖಕನಿಗೆ ಕನ್ನಡಿಗರ ಹಣದಿಂದ ಸ್ಮಾರಕವೇಕೆ ಎಂದು ನಮ್ಮ ಕೆಲವು ಸಾಹಿತಿಗಳು ಕೇಳಿದರು. ಆ ಪ್ರಶ್ನೆಯನ್ನು ಕ್ಷುದ್ರವೆಂದು ತಳ್ಳಿಹಾಕಲಾರೆ. ಕನ್ನಡದಲ್ಲಿಯೇ ಬರೆದು ಬಾಳಿದ ಎಷ್ಟೋ ಮಂದಿಯ ಮನೆಗಳು ಯಾರ ಗಮನಕ್ಕೂ ಬಾರದೆ ಮಣ್ಣುಗೂಡಿರುವುದನ್ನು ಬಲ್ಲವರಿಗೆ ಅದು ಹುಟ್ಟುವುದು ಸಹಜವೇ. ಆದರೂ, ಶಂಕರ್‌ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬರುತ್ತಿದ್ದಾಗ, ಇಂಗ್ಲಿಷಾಗಲಿ ಹಿಂದಿಯಾಗಲಿ ಬಾರದ ನಮ್ಮ ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ನಿಂತು, “ಇದು ನಮ್ಮ ಕಡೆ ಹುಡುಗ ಕಣೋ, ನೋಡು, ಚಡ್ಡಿ ಎಳೆದುಕೊಳ್ಳೋ ರೀತಿ ನೋಡು” ಎಂದುದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆ ಸಾಕ್ಷ್ಯವನ್ನು ಮೀರಿ ತೀರ್ಪು ಹೇಳುವ ಧೈರ್ಯ ನನಗಿಲ್ಲ.

ಈಗ ಮನೆಯೊಳಗೆ ಅವರ ಕನ್ನಡಕ, ಕೋಟು, ಪ್ರಶಸ್ತಿಗಳು, ಪುಸ್ತಕಗಳು, ಗೋಡೆಯ ತುಂಬ ಭಾವಚಿತ್ರಗಳು. ವಸ್ತುಗಳಲ್ಲಿ ನನಗೆ ಬಹಳ ಆಸಕ್ತಿಯಿಲ್ಲ. ಖಾಲಿ ಕೋಟು ಯಾರದಾದರೂ ಖಾಲಿಯೇ. ಬರುವ ಜನರನ್ನು ನೋಡುವುದು ಮಾತ್ರ ನನಗೆ ಪ್ರಿಯ. ಪೆನ್ಷನ್ ಪಡೆಯುವ ನನ್ನಂಥವರು ನೆರಳಿಗೆ ಬರುತ್ತಾರೆ. ಒಂದು ಪುಸ್ತಕವನ್ನೂ ಓದದವರು ಫೋಟೋ ತೆಗೆದುಕೊಳ್ಳಲು ಬರುತ್ತಾರೆ. ದೂರದ ಊರಿನಿಂದ ಎಲ್ಲವನ್ನೂ ಓದಿ ಬಂದವರು ಯಾವುದನ್ನೂ ಮುಟ್ಟದೆ ಸುಮ್ಮನೆ ನಿಂತಿರುತ್ತಾರೆ. ಒಬ್ಬನೇ ಕುಳಿತುಕೊಳ್ಳುವುದಕ್ಕೆಂದು ಕಟ್ಟಿದ ಮನೆಗೆ ಬಾಗಿಲು ಹಾಕುವ ಸ್ವಾತಂತ್ರ್ಯವೇ ಈಗ ಉಳಿದಿಲ್ಲ.

ಮೊನ್ನೆ ನಾನು ಹೋದಾಗ ಶಾಲೆಯ ಮಕ್ಕಳ ಒಂದು ತಂಡ ಬಂದಿತ್ತು. ಚೀಲಗಳನ್ನೆಲ್ಲ ಬಸ್ಸಿನಲ್ಲಿಯೇ ಬಿಟ್ಟು ಬಂದಿದ್ದರು. ರಾಜ್ಯಸಭೆಯಲ್ಲಿ ನಾರಾಯಣರು ಮಾತನಾಡಿದುದು ಮಕ್ಕಳ ಪುಸ್ತಕದ ಚೀಲದ ಭಾರವನ್ನು ಕುರಿತು ಎಂಬುದು ಆ ಮಕ್ಕಳಿಗೂ ತಿಳಿದಿರಲಾರದು, ಅವರ ಮೇಡಮ್ಮಿಗೂ ತಿಳಿದಿದ್ದಂತೆ ಕಾಣಲಿಲ್ಲ. “ಸಾಲಾಗಿ ಹೋಗಿ, ಸಾಲಾಗಿ” ಎಂಬ ಅವರ ಕೂಗು ಮೆಟ್ಟಿಲ ಬುಡದಲ್ಲಿಯೇ ಉಳಿಯಿತು. ಸಾಲು ಮುರಿದು ಮಕ್ಕಳೆಲ್ಲ ಅರ್ಧಚಂದ್ರದ ಕೋಣೆಗೆ ನುಗ್ಗಿದರು. ಹುಡುಗಿಯೊಬ್ಬಳು ಕಿಟಕಿಗಳನ್ನು ಬೆರಳು ಮಾಡಿ ಎಣಿಸಿ ಎಂಟು ಎಂದಳು. ಇಲ್ಲ, ಏಳು ಎಂದು ಅವಳ ಜೊತೆಗಾರ ಹಟ ಹಿಡಿದ. ಕೈಹಿಡಿದುಕೊಂಡು ಎರಡನೆಯ ಸಲ ಎಣಿಸಲು ಹೊರಟ ಅವರು ನಾಲ್ಕನೆಯ ಕಿಟಕಿಗೆ ಬರುವಷ್ಟರಲ್ಲಿ, ಹೊರಗೆಲ್ಲೋ ರೈಲಿನ ಸಿಳ್ಳು ಕೇಳಿಸಿತು. ಎಣಿಕೆ ಅಲ್ಲಿಗೇ ನಿಂತುಹೋಯಿತು. ಇಬ್ಬರೂ ಕಂಬಿಗೆ ಹಣೆಯೊತ್ತಿ, ಮರಗಳ ಮತ್ತು ಕಟ್ಟಡಗಳ ಸಂದಿಯಲ್ಲಿ ರೈಲನ್ನು ಹುಡುಕತೊಡಗಿದರು.